ಕುದುರೆ ಬರೆದವರ ಹೆಸರು

ಮಾರ್ಚ್ 4, ಸೋಮವಾರ

ಮೈಯೆಲ್ಲ ಉರಿಯುತ್ತಿದೆ. ಬೆಳಗಿನ ಮೀಟಿಂಗಿಗೆ ನಮ್ಮ ವಿಭಾಗದ ಮುಖ್ಯಸ್ಥ ತಾಕ್ ಹಲ್ಲು ಕಿರಿಯುತ್ತ ಬಂದರು. ಟಿವಿಯವರು ಕಾಮಿಕ್ಸ್ ಪ್ರಕಾಶನದ ಕಚೇರಿಯನ್ನೇ ಇಟ್ಟುಕೊಂಡು ಒಂದು ಧಾರಾವಾಹಿ ಮಾಡುತ್ತಿದ್ದಾರಂತೆ. ಸಲಹೆ ಸಹಾಯಕ್ಕೆ ಇಡೀ ಸೋಲ್ ನಗರದಲ್ಲಿ ನಮ್ಮ ಕಂಪನಿಯನ್ನೇ ಆರಿಸಿದ್ದಾರಂತೆ. ಧಾರಾವಾಹಿಯ ಹೆಸರು ‘ಬಣ್ಣವಿಲ್ಲದ ಸೋಮವಾರ’. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆ ನಿಲ್ಲುವ ಮೊದಲೇ ತಾಕ್ ನನ್ನ ಕಡೆ ತಿರುಗಿ, ಪ್ಯೋ ಉನ್‌ಸೊಲ್ ಅವರೇ ಇದನ್ನ ನೀವೇ ನೋಡ್ಕೊಳ್ಳಿ ಎಂದುಬಿಟ್ಟರು. ವಾರಾವಾರ ಫೋನಿಗೆ ಬರುವ ಕಾಮಿಕ್ಸ್‌ಗಳನ್ನು ತಿದ್ದಿ, ಕಲಾವಿದರ ಹಿಂದೆ ಬಿದ್ದು, ಓದುಗರ ಬೈಗುಳ ತಿಂದು ಸಾಯುತ್ತಿರುವವಳು ನಾನು. ಅದರ ಮೇಲೆ ಇದೊಂದು.

ಸ್ಕ್ರಿಪ್ಟ್ ಓದಿದೆ. ನಾಯಕಿ ನನ್ನ ಹಾಗೆ ಎಡಿಟರ್. ಮೊದಲ ದೃಶ್ಯದಲ್ಲೇ ಕೆನೆಬಣ್ಣದ ಕೋಟು ಹಾಕಿ, ಕೂದಲು ಹಾರಿಸಿಕೊಂಡು, ಕಾಫಿ ಹಿಡಿದು ನಗುತ್ತ ಆಫೀಸಿಗೆ ಓಡಿ ಬರುತ್ತಾಳೆ. ಯಾವ ಎಡಿಟರ್ ಸೋಮವಾರ ಬೆಳಗ್ಗೆ ನಗುತ್ತಾಳೆ? ತಲೆ ಸ್ನಾನ ಮಾಡಿ ಬಂದರೇ ದೊಡ್ಡ ಮಾತು.

ನಾಯಕ ಮಹಾ ಪ್ರತಿಭಾವಂತ ಕಲಾವಿದ. ಕುದುರೆಯೇರಿದ ಕತ್ತಿವೀರರ ಕಥೆ ಬರೆಯುತ್ತಾನೆ, ಅದೂ ಕಾಗದದ ಮೇಲೆ, ಮಸಿಯಲ್ಲಿ ಅದ್ದುವ ಪೆನ್ನಿನಲ್ಲಿ. ಕ್ಯಾಮೆರಾಗೆ ಅದು ಚೆಂದವಂತೆ. ಆ ಚಿತ್ರಗಳನ್ನು ನಾವು ಬರೆಸಿಕೊಡಬೇಕು. ಈಗಿನ ಹುಡುಗರಲ್ಲಿ ಕೈಯಿಂದ ಕುದುರೆ ಬರೆಯುವವರು ಎಲ್ಲಿದ್ದಾರೆ? ಕಂಪ್ಯೂಟರಿನಲ್ಲಿ ಸಿದ್ಧವಿರುವ ಕುದುರೆಯನ್ನು ಬೇಕಾದ ಕಡೆ ತಿರುಗಿಸಿ ಮೇಲೆ ಗೆರೆ ಎಳೆಯುತ್ತಾರೆ, ಮುಗಿಯಿತು. ನನಗೆ ಗೊತ್ತಿರುವವರು ಒಬ್ಬರೇ, ಮಾ ಗಪ್‌ಸುನ್. ಹೆಸರು ಹೇಳಿದ್ದಕ್ಕೆ ತಾಕ್ ಮುಖ ಸಿಂಡರಿಸಿ, ಹೊರಗಿನವರನ್ನ ತಲೆ ಮೇಲೆ ಕೂರಿಸ್ಕೋಬೇಡಿ ಎಂದರು. ಇದೇ ಕಂಪನಿಗೆ ಇಪ್ಪತ್ತು ವರ್ಷ ಚಿತ್ರ ಬರೆದವರು ಇವರಿಗೆ ಹೊರಗಿನವರು.

ಮಾರ್ಚ್ 8, ಶುಕ್ರವಾರ

ಸೋಲ್ ಪಕ್ಕದ ಬುಚೊನ್‌ಗೆ ಹೋಗಿ ಬಂದೆ. ಮಾ ಮೇಡಂ ಇರುವುದು ಒಂದು ಲಾಂಡ್ರಿಯ ಮೇಲೆ. ಇಸ್ತ್ರಿಯ ಹಬೆ ನೆಲದಿಂದಲೇ ಏರಿಬರುತ್ತದೆ, ಕಾಗದ ಒದ್ದೆಯಾಗದಂತೆ ಮೇಜಿನ ಕೆಳಗೆ ಫ್ಯಾನ್ ಇಟ್ಟುಕೊಂಡಿದ್ದಾರೆ. ನಮ್ಮ ಕಂಪನಿಯ ಬೇರೆ ಬೇರೆ ಕಥೆಗಳಿಗೆ ಮರ, ಹಂಚಿನ ಮಾಡು, ಸಂತೆಯ ಜನ ಬರೆದುಕೊಡುತ್ತಾರೆ. ಅದಕ್ಕೆ ಹೆಸರು ಹಾಕುವ ಪದ್ಧತಿಯಿಲ್ಲ. ಸ್ವಂತ ಕಥೆಯನ್ನು ಮೂರು ಸಲ ತಂದುಕೊಟ್ಟರು. ಮೂರು ಸಲವೂ ತಾಕ್ ಹಳೇ ಕೈ ಎಂದು ವಾಪಸ್ ಕಳಿಸಿದರು.

ಹರೆಯವನ್ನೆಲ್ಲ ಅವರು ಕಳೆದದ್ದು ಕಾಮಿಕ್ಸ್ ಕಾರ್ಖಾನೆಯಲ್ಲಿ. ಆಗ ಊರಿಗೊಂದರಂತೆ ಬಾಡಿಗೆ ಕಾಮಿಕ್ಸ್ ಅಂಗಡಿಗಳಿದ್ದವು, ದಿನಾ ಹೊಸ ಪುಸ್ತಕ ಬೇಕಿತ್ತು. ಒಂದು ಹಾಲಿನಲ್ಲಿ ಸಾಲಾಗಿ ಕೂರಿಸಿ ಒಬ್ಬನಿಗೆ ಬರೀ ಕಣ್ಣು, ಒಬ್ಬನಿಗೆ ಬರೀ ಮನೆ, ಇವರಿಗೆ ಬರೀ ಕುದುರೆ. ಮುಖಪುಟದ ಮೇಲೆ ಮಾತ್ರ ಯಜಮಾನನ ಹೆಸರು. ಆತ ಒಂದು ಗೆರೆಯನ್ನೂ ಎಳೆಯುತ್ತಿರಲಿಲ್ಲವಂತೆ, ಸಂಜೆ ಬಂದು ಎಷ್ಟು ಪುಟ ಆಯಿತು ಎಂದು ಕೇಳಿ ಕುಡಿಯಲು ಹೋಗುತ್ತಿದ್ದನಂತೆ. ಇದನ್ನೆಲ್ಲ ಅವರು ನಗುತ್ತಲೇ ಹೇಳಿದರು. ಕೇಳುತ್ತಿದ್ದ ನನಗೆ ಆ ಯಜಮಾನ ಸಿಕ್ಕಿದರೆ ಕೆನ್ನೆಗೆ ಬಾರಿಸುವಷ್ಟು ಸಿಟ್ಟು ಬಂತು.

ಬರೆದುಕೊಡಲು ಒಪ್ಪಿದರು, ಆದರೆ ಒಂದು ಷರತ್ತು.

“ನೋಡು ಉನ್‌ಸೊಲ್, ನಾನು ಬರೆದ ಕುದುರೆಗಳನ್ನ ಸಾಲಾಗಿ ನಿಲ್ಸಿದ್ರೆ ದೇಶದ ಆ ತುದಿಯ ಬುಸಾನ್ ಮುಟ್ಟುತ್ತೆ. ಒಂದರ ಕೆಳಗೂ ನನ್ನ ಹೆಸರಿಲ್ಲ. ಧಾರಾವಾಹಿ ಮುಗಿದ ಮೇಲೆ ಹೆಸರುಗಳು ಓಡ್ತವಲ್ಲ, ಅದ್ರಲ್ಲಿ ‘ಚಿತ್ರ ಮಾ ಗಪ್‌ಸುನ್’ ಅಂತ ಬರ್ಬೇಕು. ಒಂದೇ ಸಲ ಬಂದ್ರೂ ಸಾಕು, ಕೂತು ನೋಡ್ತೀನಿ.”

“ಬರುತ್ತೆ ಮೇಡಂ. ಅದು ನನ್ನ ಜವಾಬ್ದಾರಿ.”

“ಆಗದಿದ್ರೆ ಈಗ್ಲೇ ಹೇಳ್ಬಿಡು. ಬೇಜಾರಿಲ್ಲ.”

ಆಗದೆ ಏನು? ಬಂದೇ ಬರುತ್ತದೆ. ಬರದಿದ್ದರೆ ನಾನು ಆ ಟಿವಿ ಕಟ್ಟಡದ ಮುಂದೆ ಹೋಗಿ ಕೂರುತ್ತೇನೆ.

ಮಾರ್ಚ್ 21, ಗುರುವಾರ

ನಮ್ಮ ಆಫೀಸಿನಲ್ಲೇ ಶೂಟಿಂಗ್. ಬಂದವರು ಮೊದಲು ಮಾಡಿದ ಕೆಲಸ ನಮ್ಮ ಮೇಜಿನ ಮೇಲಿದ್ದ ಹಲ್ಲುಜ್ಜುವ ಬ್ರಶ್‌ಗಳನ್ನೂ ಕೆಳಗಿದ್ದ ಚಪ್ಪಲಿಗಳನ್ನೂ ಒಂದು ಡಬ್ಬಕ್ಕೆ ತುಂಬಿ ಮರೆಮಾಡಿದ್ದು. ಆ ಜಾಗದಲ್ಲಿ ಹೂಕುಂಡ ಇಟ್ಟರು. ಹೂ ನೋಡುತ್ತ ಕೂರಲು ನಮಗೆ ಇಲ್ಲಿ ಪುರುಸೊತ್ತು ಇದೆಯಂತೆ.

ನಾಯಕ ಚಿತ್ರ ಬರೆಯುವ ದೃಶ್ಯಕ್ಕೆ ಕೈಯನ್ನು ಹತ್ತಿರದಿಂದ ತೋರಿಸಬೇಕಿತ್ತು. ಉದ್ದ ಬೆರಳಿನ ಒಬ್ಬ ಮಾಡೆಲ್‌ನನ್ನು ಕರೆತಂದಿದ್ದರು. ಆತ ಪೆನ್ನನ್ನು ಊಟದ ಕಡ್ಡಿಯ ಹಾಗೆ ಹಿಡಿದಿದ್ದ. ಮಾ ಮೇಡಂ ಅವನಿಗೆ ಹಿಡಿಯುವುದನ್ನು ಕಲಿಸಿ, ತೆಳುವಾಗಿ ಗೆರೆ ಹಾಕಿಕೊಟ್ಟು, ಅದರ ಮೇಲೆ ತೀಡು ಎಂದರು. ಕಾಗದ ಜಾರುತ್ತಿತ್ತು. ಆಗ ಸಹಾಯಕ ನಿರ್ದೇಶಕ ಬ್ಯೊನ್ ಏನು ಮಾಡಿದ ಗೊತ್ತೆ? ಮಾ ಮೇಡಂರನ್ನು ಮೇಜಿನ ಪಕ್ಕ ನೆಲದ ಮೇಲೆ ಕೂರಿಸಿ, ಕ್ಯಾಮೆರಾಗೆ ಕಾಣದಂತೆ ಕಾಗದದ ಅಂಚು ಹಿಡಿದುಕೊಳ್ಳಿ ಎಂದ. ಅವರು ಕೂತೂ ಬಿಟ್ಟರು! ನಾನು ಬ್ಯೊನ್‌ನನ್ನು ಕಾರಿಡಾರಿಗೆ ಎಳೆದುಕೊಂಡು ಹೋಗಿ ಝಾಡಿಸಿದೆ. ಹೆಸರಿನ ವಿಷಯವನ್ನೂ ಅಲ್ಲೇ ಹೇಳಿದೆ. ಹಾಕೋಣ ಹಾಕೋಣ ಎಂದ.

ಮಧ್ಯಾಹ್ನ ನಾಯಕಿಯ ಪಾತ್ರದ ನಟಿ ನನ್ನ ಕುರ್ಚಿಯಲ್ಲಿ ಕೂತು, ಕಲಾವಿದರು ಫೋನ್ ಎತ್ತದಿದ್ದಾಗ ನೀವು ಏನು ಮಾಡುತ್ತೀರಿ ಎಂದು ಕೇಳಿದಳು. ಎದ್ದು ಕಿಟಕಿಯ ಹತ್ತಿರ ಹೋಗಿ, ಹಣೆಯನ್ನು ಗಾಜಿಗೆ ಒತ್ತಿಕೊಂಡು ಮತ್ತೆ ಮತ್ತೆ ಡಯಲ್ ಮಾಡುತ್ತೇನೆ ಎಂದು ಮಾಡಿ ತೋರಿಸಿದೆ. ಕ್ಯಾಮೆರಾ ಮುಂದೆ ಆಕೆ ಹಾಗೆಯೇ ಮಾಡಿದಳು. ಸಿಟ್ಟಿನ ದಿನದಲ್ಲಿ ಅದೊಂದು ಮಾತ್ರ ಚೆನ್ನಾಗಿತ್ತು.

ಏಪ್ರಿಲ್ 7, ಭಾನುವಾರ

ನಿನ್ನೆ, ಇವತ್ತು ಎರಡು ಕಂತು ಬಂದವು. ಹೆಪ್ಪುಗಟ್ಟಿದ ಹೊಳೆಯನ್ನು ದಾಟುವ ಕುದುರೆಯ ಚಿತ್ರ ಪರದೆ ತುಂಬ ನಿಂತಾಗ ಎದ್ದು ಟಿವಿಯ ಹತ್ತಿರಕ್ಕೇ ಹೋದೆ. ಆ ಹಿಂಗಾಲು ಜಾರುವ ಗೆರೆ! ಅಂತರ್ಜಾಲದ ತುಂಬ ಆ ಕುದುರೆಯದೇ ಮಾತು.

ಕೊನೆಗೆ ಹೆಸರುಗಳು ಓಡಿದವು. ಫೋನಿನಲ್ಲಿ ತೆಗೆದುಕೊಂಡು ನಿಲ್ಲಿಸಿ ನಿಲ್ಲಿಸಿ ನೋಡಿದೆ. ಊಟದ ಲಾರಿಯವರಿದ್ದಾರೆ, ಕೂದಲು ಬಾಚಿದವರಿದ್ದಾರೆ, ಬಾಡಿಗೆ ಕಾರಿನವರು, ನಾಯಿ ಪಳಗಿಸಿದವರು, ಎಲ್ಲರೂ ಇದ್ದಾರೆ. ಮಾ ಗಪ್‌ಸುನ್ ಇಲ್ಲ. ನಾಯಿ ಬರೀ ಒಂದು ಸಲ ಬೊಗಳಿತ್ತು.

ಮಾ ಮೇಡಂ ಫೋನ್ ಮಾಡಿದರು. ಕನ್ನಡಕ ಹಳೆಯದು, ಅಕ್ಷರ ಓಡಿಹೋಯಿತು, ಬಂತಾ ಎಂದು ಕೇಳಿದರು. ಈ ವಾರ ಇಲ್ಲ ಮೇಡಂ, ಮುಂದಿನ ವಾರ ಎಂದೆ. ಹಲ್ಲು ಕಡಿದೂ ಕಡಿದೂ ದವಡೆ ನೋಯುತ್ತಿದೆ.

ಏಪ್ರಿಲ್ 14, ಭಾನುವಾರ

ಇಲ್ಲ. ಬ್ಯೊನ್ ಫೋನ್ ಎತ್ತುತ್ತಿಲ್ಲ. ಕಿಟಕಿಗೆ ಹಣೆ ಒತ್ತಿ ಒತ್ತಿ ಸಾಕಾಯಿತು.

ಏಪ್ರಿಲ್ 22, ಸೋಮವಾರ

ಈಗ ಹೊಸ ಸುದ್ದಿ. ಚಿತ್ರಗಳನ್ನೆಲ್ಲ ನಾಯಕ ನಟನೇ ಬರೆದದ್ದು ಎಂದು ಅವನ ಅಭಿಮಾನಿಗಳು ನಂಬಿದ್ದಾರೆ. ಬಾಲ್ಯದಿಂದಲೂ ಅವನಿಗೆ ಚಿತ್ರ ಬರುತ್ತಿತ್ತು ಎಂದು ಸಾಕ್ಷಿ ಬೇರೆ ತೆಗೆದಿದ್ದಾರೆ. ಅವನು ಹೌದು ಎನ್ನುವುದಿಲ್ಲ, ಅಲ್ಲ ಎನ್ನುವುದೂ ಇಲ್ಲ, ಸುಮ್ಮನೆ ಮುಗುಳ್ನಗುತ್ತಾನೆ. ತಾಕ್ ಹತ್ತಿರ ಹೋಗಿ ಕೂಗಾಡಿದೆ. ಧಾರಾವಾಹಿ ಗೆದ್ದರೆ ನಮಗೂ ಒಳ್ಳೇದಲ್ವಾ, ಈಗ ಬಾಯಿ ತೆರೀಬೇಡಿ ಎಂದರು. ನಾವು ರಕ್ತ ಸುರಿಸಿ ಮಾಡಿದ ಚಿತ್ರ, ಹೆಸರು ಮಾತ್ರ ಆ ಮುಗುಳ್ನಗೆಗೆ!

ನೇರ ಟಿವಿ ಕಟ್ಟಡಕ್ಕೇ ಹೋದೆ. ಕೆಳಗಿನ ಕಾಫಿ ಅಂಗಡಿಯಲ್ಲಿ ಬ್ಯೊನ್ ಸಿಕ್ಕಿಬಿದ್ದ. ಅಲ್ಲೇ ನಿಂತು ಬೈದೆ, ಜನ ತಿರುಗಿ ನೋಡುವಷ್ಟು. ವಾರದ ಕಂತುಗಳಲ್ಲಿ ಜಾಗವಿಲ್ಲ, ಆದರೆ ಕೊನೆಯ ಕಂತಿನಲ್ಲಿ ಚಿತ್ರಗಳನ್ನು ಒಂದೊಂದಾಗಿ ತೋರಿಸುತ್ತ ಹೆಸರುಗಳನ್ನು ನಿಧಾನವಾಗಿ ಬಿಡುತ್ತೇವೆ, ಅಲ್ಲಿ ಖಂಡಿತ ಎಂದ. ಬರುವಾಗ, ನೀವು ನಮ್ಮ ನಾಯಕಿಗಿಂತ ಜೋರು ಎಂದ. ಅದಕ್ಕೂ ಬೈದೆ.

ಮಾ ಮೇಡಂಗೆ ಹೇಳಿದೆ. ಅವರು ನಕ್ಕು, ನಿಂಗೆ ಬಿಪಿ ಬರುತ್ತೆ ಕಣೇ, ಬಾರ್ಲಿ ನೀರು ಕುಡಿ ಎಂದರು.

ಮೇ 2, ಗುರುವಾರ

ಮಂಗಳವಾರ ಪತ್ರಿಕೆಯವರು ಬಂದಿದ್ದರು. ‘ನಿಜವಾದ ನಾಯಕಿ’ ಎಂದು ಲೇಖನ ಮಾಡುತ್ತೇವೆ ಎಂದರು. ಬೇಡವೆಂದೆ, ತಾಕ್ ಬಿಡಲಿಲ್ಲ. ಮೊನ್ನೆ ಕೊಂಡ ಕೆನೆಬಣ್ಣದ ಕೋಟು ಹಾಕಿಕೊಂಡು ಹೋಗಿದ್ದೆ, ಬೇರೆಯದೆಲ್ಲ ಒಗೆಯಲು ಬಿದ್ದಿತ್ತು. ಕುದುರೆಯ ಚಿತ್ರವನ್ನು ಕೈಯಲ್ಲಿ ಹಿಡಿಸಿ ಫೋಟೊ ತೆಗೆದರು. ನಮ್ಮ ಚಿತ್ರಗಳು ಹೇಗೆ ಹುಟ್ಟುತ್ತವೆ ಎಂದೆಲ್ಲ ಹೇಳಿದೆ. ಎಡಿಟರ್ ಎಂದರೆ ಬರೀ ಪೋಸ್ಟ್‌ಮ್ಯಾನ್ ಅಲ್ಲ, ಪ್ರತಿ ಗೆರೆಯ ಹಿಂದೆಯೂ ನಾವಿರುತ್ತೇವೆ ಎಂದೆ.

ಇವತ್ತು ಬಂದ ಲೇಖನ ಓದಿ ಸಿಟ್ಟು ನೆತ್ತಿಗೇರಿತು. ಗದ್ದ ಎಷ್ಟು ದಪ್ಪ ಕಾಣುತ್ತದೆ! ಮಾ ಮೇಡಂ ಹೆಸರನ್ನೂ ಹಾಕಿಲ್ಲ. ಹೇಳಬೇಕೆಂದೇ ಕೂತಿದ್ದೆ, ಆ ವರದಿಗಾರ ಕೇಳಿದರೆ ತಾನೆ. ಈ ಪತ್ರಿಕೆಯವರು ಪೂರ್ತಿ ವಿಷಯ ತಿಳಿದುಕೊಳ್ಳದೆ ಬರೆಯುತ್ತಾರೆ.

ಭಾನುವಾರದ ಕಂತಾದ ಮರುದಿನ ಮಾ ಮೇಡಂ ಫೋನ್ ಬಂದಿತ್ತು. ಮೀಟಿಂಗಿನಲ್ಲಿದ್ದೆ, ಆಮೇಲೆ ಮರೆತೆ.

ಮೇ 13, ಸೋಮವಾರ

ಇವತ್ತಿನ ಸಿಟ್ಟನ್ನು ಎಲ್ಲಿಂದ ಬರೆಯಲಿ? ಕೊನೆಯ ಕಂತಿಗೆ ಯಜಮಾನನನ್ನು ಕಳೆದುಕೊಂಡ ಕುದುರೆಯ ಚಿತ್ರ ಬೇಕು. ನಿರ್ದೇಶಕರಿಗೆ ಆ ಕುದುರೆಯ ಕಣ್ಣಲ್ಲಿ ನೀರು ಬೇಕು. ಫೋನ್ ಮಾಡಿದರೆ ಮಾ ಮೇಡಂ ಆಗುವುದಿಲ್ಲ ಎಂದರು.

“ಕುದುರೆ ಹಂಗೆ ಅಳಲ್ಲಮ್ಮ. ನಿಂತ್ಕೊಳ್ಳುತ್ತೆ, ಕಿವಿ ಹಿಂದಕ್ಕೆ ಮಲಗಿಸ್ಕೊಂಡು. ಅಷ್ಟು ಬರೆದ್ರೆ ನೋಡೋರಿಗೆ ಗೊತ್ತಾಗುತ್ತೆ.”

“ನೋಡೋರ ವಿಷ್ಯ ನನಗ್ಬಿಡಿ ಮೇಡಂ. ದಿನಾ ಅದನ್ನೇ ಮಾಡ್ತಿರೋಳು ನಾನು.”

ನನ್ನ ತಾಳ್ಮೆಗೂ ಮಿತಿಯಿದೆ. ಇವರಿಗಾಗಿ ಎಷ್ಟು ಜನರ ಜೊತೆ ಜಗಳವಾಡಿದ್ದೇನೆ, ಯಾರ ಯಾರ ಕಣ್ಣಿಗೆ ಕೆಟ್ಟವಳಾಗಿದ್ದೇನೆ. ಅದರ ನೆನಪು ಬೇಡವೆ? ಮನೆಯಲ್ಲಿ ಕೂತು ಬರೆಯುವವರಿಗೆ ಇಲ್ಲಿಯ ಒತ್ತಡ ಅರ್ಥವಾಗುವುದಿಲ್ಲ. ಕೊನೆಗೆ ನಾನೇ ದಾರಿ ಹುಡುಕಿದೆ. ಮಳೆ ಬರಲಿ, ಕುದುರೆಯ ಮುಖವೆಲ್ಲ ಒದ್ದೆಯಾಗಲಿ, ಅಳುತ್ತಿದೆಯೋ ಇಲ್ಲವೋ ನೋಡುವವರಿಗೆ ಬಿಟ್ಟದ್ದು. ಹೇಳಿದ ತಕ್ಷಣ ಮಾ ಮೇಡಂ ಒಪ್ಪಿದರು, ಸಂಜೆಗೆ ಬರೆದು ಕಳಿಸಿದರು. ನಿರ್ದೇಶಕರು ಕುಣಿದಾಡಿದರಂತೆ. ಇಡೀ ಧಾರಾವಾಹಿಯಲ್ಲಿ ಇದೇ ಒಳ್ಳೆಯ ಚಿತ್ರವಂತೆ.

ಮಳೆಯ ಯೋಚನೆ ಯಾರದು ಎಂದು ಒಬ್ಬರೂ ಕೇಳಲಿಲ್ಲ. ಎಡಿಟರ್ ಹಣೆಬರಹ.

ಮೇ 17, ಶುಕ್ರವಾರ

ಬ್ಯೊನ್ ಫೋನ್ ಮಾಡಿದ. ಕೊನೆಯ ಕಂತಿನ ಹೆಸರುಗಳನ್ನು ಜೋಡಿಸುತ್ತಿದ್ದಾರಂತೆ. ಜಾಹೀರಾತು ಕಂಪನಿಗಳು ಹೆಚ್ಚಾಗಿ ಜಾಗ ಕಡಿಮೆಯಾಗಿದೆಯಂತೆ. ಕಾಮಿಕ್ಸ್ ಚಿತ್ರಗಳಿಗೆ ಒಂದೇ ಸಾಲು, ಒಂದೇ ಹೆಸರು. ನಾನು ಬೆಂಕಿಯಾದೆ. ಕಾಫಿಗೆ ಮೂರು ಸಾಲು ಇದೆ, ಮೊಬೈಲಿಗೆ ಎರಡಿದೆ, ಯಾವುದರ ಮೇಲೆ ಇಡೀ ಧಾರಾವಾಹಿ ನಿಂತಿದೆಯೋ ಆ ಚಿತ್ರಕ್ಕೆ ಒಂದು!

“ಬೈದದ್ದು ಆಯ್ತಾ? ಈಗ ಯಾರ ಹೆಸರು ಹಾಕ್ಲಿ ಹೇಳಿ. ಇವತ್ತೇ ಕೊಡ್ಬೇಕು.”

ತಾಕ್ ಎದುರಿಗೇ ಕೂತಿದ್ದರು. ಹೊರಗಿನವರ ಹೆಸರು ಹಾಕಿದರೆ ಕಂಪನಿಗೆ ಏನು ಬಂತು, ನಮ್ಮವರದೇ ಇರಲಿ ಎಂದು ಪಿಸುಗುಟ್ಟಿದರು. ನನಗೆ ಇಬ್ಬರ ಮೇಲೂ ಎಷ್ಟು ರೇಗಿತೆಂದರೆ, ಸದ್ಯಕ್ಕೆ ನನ್ನದೇ ಹಾಕಿ ಸಾಯಿರಿ, ಮಿಕ್ಕಿದ್ದನ್ನು ಆಮೇಲೆ ಬಗೆಹರಿಸುತ್ತೇನೆ ಎಂದು ಫೋನ್ ಕುಕ್ಕಿದೆ. ಹೀಗೆ ಒಂದು ಸಾಲು ಕೊಟ್ಟು ಮನುಷ್ಯರನ್ನು ಅವಮಾನ ಮಾಡುವವರ ಜೊತೆ ಮಾತೇನು?

ಬ್ಯೊನ್‌ಗೆ ಫೋನ್ ಮಾಡಿ ಎರಡನೆಯ ಸಾಲಿಗೆ ಜಗಳವಾಡಬೇಕು. ಸೋಮವಾರ.

ಮೇ 22, ಬುಧವಾರ

ಉಸಿರಾಡಲು ಪುರುಸೊತ್ತಿಲ್ಲ. ಭಾನುವಾರ ಎಲ್ಲರೂ ಸೇರಿ ಕೊನೆಯ ಕಂತು ನೋಡುವ ಊಟವಿದೆ. ಮಂಗ್ವೊನ್ ಮಾರುಕಟ್ಟೆ ಹತ್ತಿರದ ಹಂದಿಮಾಂಸ ಸುಡುವ ಹೋಟೆಲನ್ನು ಹಿಡಿಯುವ ಕೆಲಸವೂ ನನ್ನ ತಲೆಗೇ. ಆ ಹೋಟೆಲಿನವನು ದೊಡ್ಡ ಟಿವಿ ಇದೆ ಎಂದು ಹೇಳಿ ಈಗ ಅದು ಕೆಟ್ಟಿದೆ ಎನ್ನುತ್ತಾನೆ. ಬೈದು ಬಾಡಿಗೆಗೆ ತರಿಸಿದೆ.

ಮಾ ಮೇಡಂಗೂ ಬರಲು ಹೇಳಿದೆ. ತುಂಬ ಖುಷಿಯಾದರು. ಶನಿವಾರ ಕೂದಲು ಗುಂಗುರು ಮಾಡಿಸಿಕೊಳ್ಳುತ್ತಾರಂತೆ. ಹೊಸ ಕನ್ನಡಕವೂ ಆಗಿದೆಯಂತೆ. ಒಂದೇ ಸಾಲು ಕೊಟ್ಟಿರುವ ವಿಷಯ ಹೇಳೋಣವೆಂದುಕೊಂಡೆ, ಅಷ್ಟರಲ್ಲಿ ಇನ್ನೊಂದು ಕರೆ ಬಂತು. ಆಮೇಲೆ ಬ್ಯೊನ್‌ಗೆ ಫೋನ್ ಮಾಡಿದರೆ ಎತ್ತಲಿಲ್ಲ. ಅವನಿಗೆ ಎಲ್ಲ ಗೊತ್ತಿದೆ, ಅಷ್ಟು ಸಲ ಹೇಳಿದ್ದೇನೆ, ಮಾಡಿರುತ್ತಾನೆ.

ಮೇ 27, ಸೋಮವಾರ

ರಜೆ ಹಾಕಿದ್ದೇನೆ. ಯಾರ ಮುಖವೂ ನೋಡುವುದು ಬೇಡ.

ನಿನ್ನೆ ಹೋಟೆಲು ತುಂಬ ಜನ. ಮಾ ಮೇಡಂ ನೀಲಿ ಜಾಕೆಟ್ ಹಾಕಿಕೊಂಡು ಎಲ್ಲರಿಗಿಂತ ಮೊದಲೇ ಬಂದು ಟಿವಿಯ ಎದುರು ನೆಲದ ಚಾಪೆಯ ಮೇಲೆ ಕೂತಿದ್ದರು. ನನಗೆ ಪಕ್ಕದಲ್ಲಿ ಜಾಗ ಹಿಡಿದಿಟ್ಟಿದ್ದರು. ಮಾಂಸ ಬೆಂದಾಗಲೆಲ್ಲ ಸೊಪ್ಪಿನ ಎಲೆಯಲ್ಲಿ ಸುತ್ತಿ ನನ್ನ ಬಾಯಿಗೇ ಇಟ್ಟರು. ತಿನ್ನು, ನೀನು ಸೊರಗಿಹೋಗಿದ್ದೀಯ ಎಂದರು. ಮಳೆಯ ಕುದುರೆ ಪರದೆಗೆ ಬಂದಾಗ ಹೋಟೆಲಿನ ಅಡುಗೆಯವಳೂ ಹೊರಗೆ ಬಂದು ನಿಂತಳು. ಕುದುರೆ ಕಿವಿಯನ್ನು ಹಿಂದಕ್ಕೆ ಮಲಗಿಸಿಕೊಂಡಿತ್ತು. ಅವರು ಬರೆದು ಕಳಿಸಿದ ದಿನ ನಾನು ಅದನ್ನು ಗಮನಿಸಿರಲಿಲ್ಲ.

ಆಮೇಲೆ ಹೆಸರುಗಳು. ಬ್ಯೊನ್ ಹೇಳಿದ್ದಂತೆ ನಿಧಾನವಾಗಿ, ಹಿಂದೆ ಚಿತ್ರಗಳು ಒಂದೊಂದಾಗಿ. ಮಾ ಮೇಡಂ ಹೊಸ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಮೊಣಕಾಲಿನ ಮೇಲೆ ಕೈ ಜೋಡಿಸಿ, ಶಾಲೆಯ ಹುಡುಗಿಯ ಹಾಗೆ ನೆಟ್ಟಗೆ ಕೂತರು. ಹೊಳೆ ದಾಟುವ ಕುದುರೆ ಬಂತು. ಅದರ ಪಕ್ಕದಲ್ಲಿ, ಬಿಳಿ ಅಕ್ಷರದಲ್ಲಿ, ‘ಕಾಮಿಕ್ಸ್ ಚಿತ್ರಗಳು ಪ್ಯೋ ಉನ್‌ಸೊಲ್’.

ಒಂದೇ ಸಾಲು. ಎರಡನೆಯದು ಇರಲಿಲ್ಲ.

ತಾಕ್ ಎದ್ದು ನಿಂತು ನಮ್ಮ ಪ್ಯೋಗೆ ಚಪ್ಪಾಳೆ ಎಂದರು. ಎಲ್ಲರೂ ತಟ್ಟಿದರು. ನನ್ನ ಹೆಸರನ್ನು ಊಟದ ಲಾರಿಯ ಕೆಳಗೆ ಹಾಕಿದ್ದಾರೆ, ಅಕ್ಷರವೂ ಚಿಕ್ಕದು, ಬ್ಯೊನ್ ಸಿಕ್ಕಲಿ. ಚಿತ್ರಗಳು ಎಂದು ಯಾಕೆ ಬರೆದ? ಎಡಿಟರ್ ಎಂದು ಬರೆಯಬೇಕೆನ್ನುವ ಬುದ್ಧಿ ಅವನಿಗಿಲ್ಲವೆ? ಎಲ್ಲ ಅವನು ಮಾಡಿದ್ದು.

ಮಾ ಮೇಡಂ ಕೂಡ ಚಪ್ಪಾಳೆ ತಟ್ಟುತ್ತಿದ್ದರು. ಬೈಯಬಹುದಿತ್ತು. ಎದ್ದು ಹೋಗಬಹುದಿತ್ತು. ಅತ್ತಿದ್ದರೆ ನಾನು ಸಮಾಧಾನ ಮಾಡುತ್ತಿದ್ದೆ, ಎಲ್ಲ ವಿವರಿಸುತ್ತಿದ್ದೆ. ಅದ್ಯಾವುದನ್ನೂ ಮಾಡಲಿಲ್ಲ. ಚಪ್ಪಾಳೆ ನಿಂತ ಮೇಲೆ ನನ್ನ ಕಡೆ ತಿರುಗಿ, ಮಂಡಿಯೂರಿ ಕೂತು, ಸೋಜು ಮದ್ಯದ ಬಾಟಲಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಅವರು ನನ್ನ ತಾಯಿಯ ವಯಸ್ಸಿನವರು. ಅವರು ಒಂದು ಕೈಯಲ್ಲಿ ಸುರಿಯಬೇಕು, ನಾನು ಎರಡು ಕೈಯಲ್ಲಿ ಲೋಟ ಹಿಡಿಯಬೇಕು. ಎರಡು ಕೈಯಲ್ಲಿ ಸುರಿಯುವುದು ಹಿರಿಯರಿಗೆ, ಯಜಮಾನರಿಗೆ. ಅದು ಮಕ್ಕಳಿಗೂ ಗೊತ್ತು. ಎಲ್ಲರ ಮುಂದೆ ಅವರು ತಲೆ ತಗ್ಗಿಸಿ ಎರಡು ಕೈಯಲ್ಲಿ ನನ್ನ ಲೋಟಕ್ಕೆ ಸುರಿದರು. ಒಂದು ಹನಿಯೂ ಚೆಲ್ಲಲಿಲ್ಲ.

“ತುಂಬ ಕಷ್ಟಪಟ್ಟಿದ್ದೀರಿ,” ಎಂದರು. “ತಗೊಳ್ಳಿ.”

ಇಷ್ಟು ದಿನ ನನ್ನನ್ನು ನೀನು ಎಂದವರು. ಈಗ ನನಗೆ ಬಂದಿರುವ ಸಿಟ್ಟು ಅದಕ್ಕೇ. ಹಾಗೆ ಮಾಡುವ ಅಗತ್ಯವೇನಿತ್ತು? ನಾನೇನು ಅವರ ಯಜಮಾನಿಯೆ? ಅವರ ಪರವಾಗಿ ಹೋರಾಡಿದವಳನ್ನು ಹೀಗೆ ಎಲ್ಲರೆದುರು ಕೂರಿಸಿ ಅವಮಾನ ಮಾಡುವುದೆ? ಒಂದು ಮಾತು ಕೇಳಿದ್ದರೆ ಎಲ್ಲ ಹೇಳುತ್ತಿರಲಿಲ್ಲವೆ? ಬೆಳಗಿನಿಂದ ಯೋಚಿಸುತ್ತಿದ್ದೇನೆ, ಯೋಚಿಸಿದಷ್ಟೂ ರೇಗುತ್ತದೆ.

ಬುಚೊನ್ ರೈಲು ಹಿಡಿಯಬೇಕೆಂದು ಅವರು ಬೇಗ ಹೊರಟರು. ನಾನು ಬಾಗಿಲವರೆಗೂ ಹೋಗಲಿಲ್ಲ. ತಾಕ್ ಏನೋ ಜೋಕು ಹೇಳುತ್ತಿದ್ದರು.

ಇನ್ನೊಂದು ವಿಷಯ ಬರೆಯದಿದ್ದರೂ ನಡೆಯುತ್ತದೆ, ಯಾರೂ ಗಮನಿಸಿರಲಿಕ್ಕಿಲ್ಲ. ಅವರು ಸುರಿಯುವಾಗ ನಾನು ಗಾಬರಿಯಲ್ಲಿ ಲೋಟವನ್ನು ಒಂದೇ ಕೈಯಲ್ಲಿ ಹಿಡಿದಿದ್ದೆ. ಹಾಗೆಯೇ ಎತ್ತಿ ಕುಡಿದೆ.